ಗೋಡೆಬುಡದ ಸಂದುಗಳು: ರಾಜರಾಜೇಶ್ವರಿನಗರದ ಮನೆಗಳಲ್ಲಿ ಮರ, ನೀರು ಮತ್ತು ಗಾಳಿ

ಗೋಡೆ ಪಾಯದ ಮೇಲೆ ಕೂರುವಲ್ಲಿ, ನೆಲಹಾಸು ಗೋಡೆಯನ್ನು ಮುಟ್ಟುವಲ್ಲಿ, ಮರದ ಚೌಕಟ್ಟಿನ ಕಾಲು ಕಲ್ಲಿನ ಮೇಲೆ ನಿಲ್ಲುವಲ್ಲಿ ಉಳಿಯುವ ಕಿರಿದಾದ ತೆರಪುಗಳೇ ಗೋಡೆಬುಡದ ಸಂದುಗಳು. ಹಲವು ವಸ್ತುಗಳು ಒಂದೇ ಗೆರೆಯಲ್ಲಿ ಕೂಡುವ ಜಾಗ ಇದು. ಬಿಸಿಲಿಗೆ ಕಲ್ಲು ಹಿಗ್ಗುವ ಪ್ರಮಾಣ ಬೇರೆ, ಸಿಮೆಂಟು ಒಣಗುತ್ತಾ ಕುಗ್ಗುವ ಪ್ರಮಾಣ ಬೇರೆ, ಮಳೆಗಾಲದಲ್ಲಿ ಉಬ್ಬುವ ಮರ ಬೇಸಿಗೆಯಲ್ಲಿ ಸೊರಗುವುದು ಮತ್ತೂ ಬೇರೆ. ಹೀಗಾಗಿ ಎಷ್ಟೇ ಒಳ್ಳೆಯ ಮೇಸ್ತ್ರಿ ಕಟ್ಟಿದರೂ ಕೆಲವು ವರ್ಷಗಳಲ್ಲಿ ಬುಡದಲ್ಲಿ ಕೂದಲೆಳೆಯಷ್ಟಾದರೂ ಬಿರುಕು ಬಿಡುತ್ತದೆ. ಗಾಳಿ, ದೂಳು, ಮಳೆನೀರು, ನೆಲದ ತೇವ, ಗೆದ್ದಲು, ಜಿರಲೆ ಎಲ್ಲಕ್ಕೂ ಇದೇ ದಾರಿ.

ಉತ್ತರ ಅಮೆರಿಕ ಮತ್ತು ಉತ್ತರ ಯುರೋಪಿನಲ್ಲಿ ಈ ವಿಷಯವನ್ನು ಮುಖ್ಯವಾಗಿ ಗಾಳಿಯ ಸಮಸ್ಯೆಯೆಂದೇ ನೋಡುತ್ತಾರೆ. ಅಲ್ಲಿನ ಅನೇಕ ಮನೆಗಳ ಗೋಡೆ ಮರದ ಚೌಕಟ್ಟಿನದು. ಕಾಂಕ್ರೀಟ್ ಪಾಯದ ಮೇಲೆ ಅಡ್ಡಡ್ಡಲಾಗಿ ಒಂದು ಮರದ ಪಟ್ಟಿಯನ್ನು ಬೋಲ್ಟ್ ಹಾಕಿ ಕೂರಿಸುತ್ತಾರೆ. ಗೋಡೆಯ ನಿಲುಗಂಬಗಳು ನಿಲ್ಲುವುದು ಅದರ ಮೇಲೆ. ಕಾಂಕ್ರೀಟಿನ ಮೈ ಎಂದೂ ಪೂರ್ತಿ ಸಮತಟ್ಟಾಗಿರುವುದಿಲ್ಲವಾದ್ದರಿಂದ ಪಟ್ಟಿಯ ಕೆಳಗೆ ಅಲ್ಲಲ್ಲಿ ಬೆಳಕು ಕಾಣುವಷ್ಟು ಸಂದು ಉಳಿಯುತ್ತದೆ. ಚಳಿಗಾಲದಲ್ಲಿ ಒಳಗಿನ ಬೆಚ್ಚನೆಯ ಗಾಳಿ ಮೇಲೇರಿ ಚಾವಣಿಯ ಸಂದುಗಳಿಂದ ಹೊರಬಿದ್ದಾಗ, ಹೊರಗಿನ ಕೊರೆಯುವ ಗಾಳಿ ಈ ಬುಡದ ಸಂದಿನಿಂದಲೇ ಒಳಕ್ಕೆ ಬರುತ್ತದೆ. ಅದಕ್ಕಾಗಿ ಪಟ್ಟಿಯ ಕೆಳಗೆ ಫೋಮ್ ಹಾಸು ಇಟ್ಟು, ಒಳಮೈಯಲ್ಲಿ ಸೀಲೆಂಟ್ ಎಳೆಯುತ್ತಾರೆ. ಮನೆಯ ಒಳಗೂ ಹೊರಗೂ ನಡುವೆ ಫ್ಯಾನಿನಿಂದ 50 ಪಾಸ್ಕಲ್ ಒತ್ತಡದ ಅಂತರ ಉಂಟುಮಾಡಿ, ಗಂಟೆಗೆ ಮನೆಯ ಗಾಳಿ ಎಷ್ಟು ಸಲ ಬದಲಾಗುತ್ತದೆಂದು ಅಳೆಯುವುದು ಅಲ್ಲಿನ ಪರೀಕ್ಷೆ. ಜರ್ಮನಿಯಲ್ಲಿ ರೂಪುಗೊಂಡ ಪಾಸಿವ್‌ಹೌಸ್ ಮಾನದಂಡದ ಪ್ರಕಾರ ಅದು 0.6 ಸಲ ಮೀರಬಾರದು. ಟೊರಾಂಟೊ, ಸಿಯಾಟಲ್, ಡಲ್ಲಾಸ್ ಕಡೆ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಇಂಥ ಮನೆ, ಇಂಥ ಸೀಲಿಂಗು ದಿನಬಳಕೆಯ ಸಂಗತಿ.

ಬೆಂಗಳೂರಿನ ಲೆಕ್ಕಾಚಾರ ಹಾಗಲ್ಲ. ರಾಷ್ಟ್ರೀಯ ಕಟ್ಟಡ ಸಂಹಿತೆ ದೇಶವನ್ನು ಐದು ಹವಾವಲಯಗಳಾಗಿ ವಿಂಗಡಿಸಿದ್ದು, ಸಮಶೀತೋಷ್ಣ ವಲಯಕ್ಕೆ ಬೆಂಗಳೂರೇ ಮಾದರಿ ಊರು. ಇಲ್ಲಿ ಮನೆ ಬೆಚ್ಚಗಿಡಲು ಯಾರೂ ಒಲೆ ಉರಿಸುವುದಿಲ್ಲ. ಗಾಳಿ ಆಡುವುದೇ ಒಳ್ಳೆಯ ಮನೆಯ ಲಕ್ಷಣ. ಬುಡದ ಸಂದಿನಿಂದ ಇಲ್ಲಿ ಆಗುವ ನಷ್ಟ ಶಾಖದ್ದಲ್ಲ, ಮರದ್ದು ಮತ್ತು ಗೋಡೆಯದು. ಆದ್ದರಿಂದ ಶೀತದೇಶದ ‘ಎಲ್ಲವನ್ನೂ ಬಿಗಿಯಾಗಿ ಮುಚ್ಚು’ ಎಂಬ ನಿಯಮವನ್ನು ಹಾಗೆಯೇ ತಂದು ಹಾಕಿದರೆ ಅನುಕೂಲಕ್ಕಿಂತ ಅನಾಹುತವೇ ಹೆಚ್ಚು. ಇಲ್ಲಿನ ಗೋಡೆಬುಡದಲ್ಲಿ ಮುಚ್ಚಲೇಬೇಕಾದ ಸಂದುಗಳಿವೆ, ಬಿಡಲೇಬೇಕಾದ ಸಂದುಗಳೂ ಇವೆ. ಯಾವುದು ಯಾವುದೆಂದು ತಿಳಿಯುವುದೇ ಈ ಕಸುಬಿನ ತಿರುಳು.

ನೆಲ, ಇಳಿಜಾರು, ರಸ್ತೆ

ಕೈಲಾಸಾಶ್ರಮದ ರಾಜರಾಜೇಶ್ವರಿ ದೇವಾಲಯದಿಂದ ಹೆಸರು ಪಡೆದ ರಾಜರಾಜೇಶ್ವರಿನಗರ ಬಡಾವಣೆ ಬೆಂಗಳೂರಿನ ಮೈಸೂರು ರಸ್ತೆಯ ದಕ್ಷಿಣಕ್ಕೆ ಹರಡಿಕೊಂಡಿದೆ. 2007ರಲ್ಲಿ ಏಳು ನಗರಸಭೆಗಳು ಮತ್ತು ಕೆಂಗೇರಿ ಪುರಸಭೆಯನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ರಚನೆಯಾದಾಗ ಇದೂ ಮಹಾನಗರದೊಳಗೆ ಬಂತು. ಬಿಇಎಂಎಲ್ ಬಡಾವಣೆ, ಐಡಿಯಲ್ ಹೋಮ್ಸ್ ಮುಂತಾದ ಗೃಹ ಬಡಾವಣೆಗಳು ಇದರ ಮೈಕಟ್ಟು. ದಕ್ಷಿಣದಲ್ಲಿ ತುರಹಳ್ಳಿ ಕಾಡಿನ ಬಂಡೆಗುಡ್ಡಗಳು, ಉತ್ತರದಲ್ಲಿ ವೃಷಭಾವತಿಯ ಕಣಿವೆ. ಈ ಎರಡರ ನಡುವಿನ ಏರಿಳಿತವೇ ಇಲ್ಲಿನ ಸೈಟುಗಳ ಗುಣವನ್ನು ತೀರ್ಮಾನಿಸಿದೆ. ಒಂದೇ ಅಡ್ಡರಸ್ತೆಯಲ್ಲಿ ಮೇಲಿನ ಸೈಟಿನ ಅಂಗಳ ಕೆಳಗಿನ ಮನೆಯ ಕಿಟಕಿಯ ಎತ್ತರಕ್ಕೆ ಇರುವುದುಂಟು. ಮಳೆ ಬಂದಾಗ ಮೇಲಿನ ಸೈಟಿನ ಮಣ್ಣು ಕುಡಿದ ನೀರು ಕೆಳಗಿನ ಮನೆಯ ಪಕ್ಕದ ಗೋಡೆಗೆ ಒತ್ತಿಕೊಂಡು ನಿಲ್ಲುತ್ತದೆ. ಅಂಥ ಮನೆಯಲ್ಲಿ ಒಳಗಿನಿಂದ ಏನು ಮೆತ್ತಿದರೂ ಫಲವಿಲ್ಲ. ನೀರನ್ನು ಹೊರಗೇ ಬೇರೆಡೆಗೆ ತಿರುಗಿಸಬೇಕು.

ಎರಡನೆಯದು ರಸ್ತೆಯ ಕಥೆ. ಕಟ್ಟಡ ಸಂಹಿತೆಯ ಪ್ರಕಾರ ಮನೆಯ ನೆಲಮಟ್ಟ ಸುತ್ತಲಿನ ನೆಲಕ್ಕಿಂತ ಕನಿಷ್ಠ 450 ಮಿಲಿಮೀಟರ್, ಅಂದರೆ ಒಂದೂವರೆ ಅಡಿ ಎತ್ತರದಲ್ಲಿರಬೇಕು. ಕಟ್ಟುವಾಗ ಇದನ್ನು ಪಾಲಿಸಿದವರೇ ಹೆಚ್ಚು. ಆದರೆ ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಅದರ ಮೇಲೆಯೇ ಹೊಸ ಪದರ ಹಾಕುತ್ತಾ ಹೋದರೆ ರಸ್ತೆ ಏರುತ್ತದೆ, ಮನೆ ಇದ್ದಲ್ಲೇ ಉಳಿಯುತ್ತದೆ. ಮೂರು ಮೆಟ್ಟಿಲಿದ್ದ ಮನೆಗೆ ಒಂದು ಮೆಟ್ಟಿಲು ಉಳಿದ ಉದಾಹರಣೆಗಳು ಬೆಂಗಳೂರಿನ ಅನೇಕ ಹಳೆಯ ಬಡಾವಣೆಗಳಲ್ಲಿ ಸಿಗುತ್ತವೆ. ಆಗ ಗೇಟಿನ ಕೆಳಗಿನಿಂದ ಬಂದ ನೀರು ನೇರವಾಗಿ ಮುಂಬಾಗಿಲ ಬುಡವನ್ನೇ ಮುಟ್ಟುತ್ತದೆ. 2020ರ ಅಕ್ಟೋಬರಿನಲ್ಲಿ ಪಕ್ಕದ ಹೊಸಕೆರೆಹಳ್ಳಿಯ ದತ್ತಾತ್ರೇಯನಗರದಲ್ಲಿ ರಾಜಕಾಲುವೆ ಉಕ್ಕಿ ಮನೆಗಳಿಗೆ ನುಗ್ಗಿದಂಥ ನೆರೆಯ ಮುಂದೆ ಯಾವ ಸೀಲೆಂಟೂ ನಿಲ್ಲುವುದಿಲ್ಲ. ಇಲ್ಲಿ ಹೇಳುತ್ತಿರುವುದು ವರ್ಷವರ್ಷವೂ ಸದ್ದಿಲ್ಲದೆ ಒಳಬರುವ ನೀರಿನ ಮಾತು.

ಮರದ ಕಾಲು ಕಲ್ಲಿನ ಮೇಲೆ

ಕರ್ನಾಟಕದ ಹಳೆಯ ಮರಗೆಲಸದಲ್ಲಿ ಮರ ಮಣ್ಣನ್ನು ಮುಟ್ಟುವುದೇ ಇಲ್ಲ. ಮಲೆನಾಡಿನ ತೊಟ್ಟಿ ಮನೆಯಲ್ಲಾಗಲಿ, ಕೊಡಗಿನ ಐನ್‌ಮನೆಯಲ್ಲಾಗಲಿ ಕಂಬದ ಅಡಿಯಲ್ಲಿ ಕಲ್ಲು ಇದ್ದೇ ಇರುತ್ತದೆ. ಇಡೀ ಮನೆ ಎತ್ತರದ ಜಗಲಿಯ ಮೇಲೆ ಕೂತಿರುತ್ತದೆ. ಸೂರು ಗೋಡೆಯಿಂದ ಬಹಳ ಮುಂದಕ್ಕೆ ಚಾಚಿಕೊಂಡು ಮಳೆಹನಿಯನ್ನು ದೂರ ಬೀಳಿಸುತ್ತದೆ. ಗೋಡೆಬುಡದ ರಕ್ಷಣೆ ಸೂರಿನಿಂದಲೇ ಶುರುವಾಗುತ್ತದೆ ಎಂಬುದನ್ನು ಆ ಬಡಗಿಗಳು ಚೆನ್ನಾಗಿ ಅರಿತಿದ್ದರು. ಇಂದಿನ ಬೆಂಗಳೂರಿನ ಪೆಟ್ಟಿಗೆಯಾಕಾರದ ಮನೆಗಳು ಕಳೆದುಕೊಂಡಿರುವುದು ಮುಖ್ಯವಾಗಿ ಈ ಸೂರನ್ನೇ.

ಇದನ್ನು ಕಣ್ಣಾರೆ ನೋಡಲು ರಾಜರಾಜೇಶ್ವರಿನಗರದವರು ಶಿವಮೊಗ್ಗಕ್ಕೋ ಮಡಿಕೇರಿಗೋ ಹೋಗಬೇಕಿಲ್ಲ. ಮೈಸೂರು ರಸ್ತೆ ಆರಂಭವಾಗುವ ಕೆ.ಆರ್. ಮಾರುಕಟ್ಟೆಯ ಬಳಿಯೇ ಟಿಪ್ಪು ಸುಲ್ತಾನನ ಬೇಸಿಗೆ ಅರಮನೆಯಿದೆ. ಹೈದರ್ ಅಲಿ ಆರಂಭಿಸಿದ ಈ ಕಟ್ಟಡವನ್ನು ಟಿಪ್ಪು 1791ರಲ್ಲಿ ಪೂರ್ಣಗೊಳಿಸಿದ. ಎರಡು ಅಂತಸ್ತಿನ ಭಾರ ಹೊತ್ತಿರುವುದು ಸಾಗುವಾನಿಯ ಕಂಬಗಳು. ಪ್ರತಿ ಕಂಬದ ಕೆಳಗೂ ಕಲ್ಲಿನ ಪೀಠವಿದೆ. ಅಲ್ಲಿ ಬಗ್ಗಿ ನೋಡಬೇಕಾದದ್ದು ಮರ ಕಲ್ಲನ್ನು ಸೇರುವ ಗೆರೆಯನ್ನು. ಮರದ ಬುಡವನ್ನು ನೆಲದಲ್ಲಿ ಹೂತಿಲ್ಲ. ಪೀಠದ ಮೇಲೆ ನಿಲ್ಲಿಸಲಾಗಿದೆ. ಸುತ್ತಲೂ ಗಾಳಿಯಿದೆ, ಒದ್ದೆಯಾದರೂ ಒಣಗಲು ದಾರಿಯಿದೆ. ಎರಡು ಶತಮಾನ ದಾಟಿಯೂ ಆ ಕಂಬಗಳು ನಿಂತಿರುವುದಕ್ಕೆ ಸಾಗುವಾನಿಯ ಗಟ್ಟಿತನ ಒಂದು ಕಾರಣವಾದರೆ ಈ ಒಣಗುವ ದಾರಿ ಇನ್ನೊಂದು. ಶ್ರೀರಂಗಪಟ್ಟಣದ ದರಿಯಾ ದೌಲತ್ ಕೂಡ ಎತ್ತರದ ಕಲ್ಲುಜಗಲಿಯ ಮೇಲಿನ ಸಾಗುವಾನಿಯ ಕಟ್ಟಡವೇ.

ಮರದ ತೇವಾಂಶ ಸುಮಾರು ಶೇ. 20 ದಾಟಿ ಬಹುಕಾಲ ಹಾಗೆಯೇ ಉಳಿದರೆ ಕೊಳೆಸುವ ಶಿಲೀಂಧ್ರ ಬೇರೂರುತ್ತದೆ. ಮರದ ನಾರಿನ ಕೊನೆ, ಅಂದರೆ ಕಂಬದ ಅಡಿಯ ಕೊಯ್ದ ಮೈ, ಪಕ್ಕದ ಮೈಗಿಂತ ಎಷ್ಟೋ ಪಟ್ಟು ವೇಗವಾಗಿ ನೀರು ಹೀರುತ್ತದೆ. ಆದ್ದರಿಂದ ಯಾವ ಚೌಕಟ್ಟಿನಲ್ಲೂ ಮೊದಲು ಕೆಡುವುದು ಕೆಳಗಿನ ಒಂದೆರಡು ಅಂಗುಲ. ಬೆಂಗಳೂರಿನಲ್ಲಿ ಈ ವಿಷಯದ ಮೇಲೆ ಕೆಲಸ ಮಾಡುವ ಸಂಸ್ಥೆಗಳೂ ಇವೆ. ಮಲ್ಲೇಶ್ವರದ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಮರದ ಬಾಳಿಕೆ, ಸಂರಕ್ಷಣೆಗಳನ್ನು ಅಧ್ಯಯನ ಮಾಡುತ್ತಾ ಬಂದಿದೆ. ತುಮಕೂರು ರಸ್ತೆಯಲ್ಲಿ ನೆಲೆಯೂರಿದ ಪ್ಲೈವುಡ್ ಸಂಶೋಧನಾ ಸಂಸ್ಥೆ ಬ್ರಿಟನ್ನಿನ ಮರ ಸಂಶೋಧನಾ ಸಂಸ್ಥೆ ಟ್ರಾಡಾ ಜೊತೆಗೂಡಿ ಬಿದಿರಿನ ಚೌಕಟ್ಟಿನ ಮನೆಯೊಂದನ್ನು ರೂಪಿಸಿತು. ಸಂಸ್ಕರಿಸಿದ ಬಿದಿರಿನ ಕಂಬ, ನಡುವೆ ಬಿದಿರು ಜಾಲರಿಗೆ ಸಿಮೆಂಟ್ ಗಾರೆ ಮೆತ್ತಿದ ತೆಳು ಗೋಡೆ ಅದರ ರೀತಿ. ಭೂಕಂಪದ ಅಲುಗಾಟವನ್ನು ಅದು ತಾಳಿಕೊಳ್ಳುತ್ತದೆಯೇ ಎಂಬುದನ್ನು ಬೆಂಗಳೂರಿನ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆಯ ಅಲುಗಾಟದ ವೇದಿಕೆಯಲ್ಲಿ ಪರೀಕ್ಷಿಸಲಾಗಿತ್ತು.

ಹೊಸ್ತಿಲು

ರಾಜರಾಜೇಶ್ವರಿನಗರದ ಸಾಮಾನ್ಯ ಮನೆಯ ಗೋಡೆ ಮರದ್ದಲ್ಲ. ಸೈಜುಗಲ್ಲಿನ ಪಾಯ, ಅದರ ಮೇಲೆ ಕಬ್ಬಿಣ ಹಾಕಿದ ಬೆಲ್ಟ್ ಕಾಂಕ್ರೀಟು, ಮೇಲೆ ಇಟ್ಟಿಗೆ ಅಥವಾ ಸಿಮೆಂಟ್ ಬ್ಲಾಕು. ಆದರೆ ಮರದ ಚೌಕಟ್ಟು ಗೋಡೆಯ ಬುಡವನ್ನು ಮುಟ್ಟುವ ಒಂದು ಜಾಗ ಪ್ರತಿ ಮನೆಯಲ್ಲೂ ಇದೆ, ಅದು ಬಾಗಿಲು. ಮುಂಬಾಗಿಲಿಗೆ ಸಾಗುವಾನಿ, ಒಳಬಾಗಿಲುಗಳಿಗೆ ಹೊನ್ನೆ, ಮತ್ತಿ, ಸಾಲ್ ಮರಗಳನ್ನು ಬಳಸುವುದು ವಾಡಿಕೆ. ಈ ಚೌಕಟ್ಟಿನ ಎರಡು ಕಾಲುಗಳು ಮತ್ತು ಹೊಸ್ತಿಲ ಅಡಿಮೈ, ಇವಿಷ್ಟೂ ಇಡೀ ಮನೆಯ ಅತಿ ದುರ್ಬಲ ಸಂದುಗಳು.

ಇದಕ್ಕೆ ಕಾರಣ ನಮ್ಮ ದಿನಚರಿಯಲ್ಲೇ ಇದೆ. ಮುಂಬಾಗಿಲು ನಿಲ್ಲಿಸುವ ದಿನ ಪೂಜೆ ಮಾಡಿ, ಹೊಸ್ತಿಲ ಕೆಳಗೆ ನವಧಾನ್ಯವನ್ನೋ ನಾಣ್ಯವನ್ನೋ ಇಡುತ್ತಾರೆ. ಗೃಹಪ್ರವೇಶದ ನಂತರ ದಿನವೂ ಬೆಳಿಗ್ಗೆ ಹೊಸ್ತಿಲು ತೊಳೆದು, ಅರಿಸಿನ ಕುಂಕುಮ ಹಚ್ಚಿ, ರಂಗೋಲಿ ಎಳೆಯುತ್ತಾರೆ. ನೀರು ಹೊಸ್ತಿಲ ಮುಂಭಾಗದಿಂದ ಇಳಿದು ಗ್ರಾನೈಟ್ ಚಪ್ಪಡಿಯ ಜೋಡಿಗೆ ಬರುತ್ತದೆ. ಅಲ್ಲಿ ಮರಕ್ಕೂ ಕಲ್ಲಿಗೂ ನಡುವೆ ಬಿಳಿ ಸಿಮೆಂಟು ತುಂಬಿರುತ್ತದೆ. ಮರ ಋತುಮಾನಕ್ಕೆ ತಕ್ಕಂತೆ ಹಿಗ್ಗಿ ಕುಗ್ಗಿದಾಗ ಬಿಳಿ ಸಿಮೆಂಟು ಅದರ ಜೊತೆಗೆ ಹೋಗಲಾರದೆ ಒಂದೇ ವರ್ಷದಲ್ಲಿ ಬಿರಿಯುತ್ತದೆ. ಆ ಬಿರುಕಿನೊಳಗೆ ಇಳಿದ ನೀರಿಗೆ ಹೊರಹೋಗಲು ದಾರಿಯಿಲ್ಲ. ಕೆಳಗೆ ಕಾಂಕ್ರೀಟು, ಪಕ್ಕದಲ್ಲಿ ಕಲ್ಲು, ಮೇಲೆ ವಾರ್ನಿಷ್ ಬಳಿದ ಮರ. ಮರುದಿನ ಬೆಳಿಗ್ಗೆ ಅದು ಒಣಗುವ ಮೊದಲೇ ಮತ್ತೊಂದು ಚೆಂಬು ನೀರು. ಚೌಕಟ್ಟಿನ ಕಾಲು ಕೆಳಗಿನಿಂದ ಕಪ್ಪಾಗುವುದು, ಬೆರಳಿನಿಂದ ಒತ್ತಿದರೆ ಮೆತ್ತಗೆ ಒಳಕ್ಕೆ ಹೋಗುವುದು ಹೀಗೆಯೇ.

ಪರಿಹಾರಕ್ಕೆ ತೊಳೆಯುವುದನ್ನು ಬಿಡಬೇಕಿಲ್ಲ. ಚೌಕಟ್ಟು ನಿಲ್ಲಿಸುವ ಮೊದಲೇ ಕಾಲಿನ ಕೊಯ್ದ ಮೈಗೂ ಹೊಸ್ತಿಲ ಅಡಿಗೂ ಮರಸಂರಕ್ಷಕ ದ್ರಾವಣವನ್ನು ಎರಡು ಮೂರು ಸಲ ಕುಡಿಸಿ, ಒಣಗಿದ ಮೇಲೆ ಎಪಾಕ್ಸಿ ಅಥವಾ ಬಿಟುಮೆನ್ ಬಣ್ಣ ಬಳಿಯಬೇಕು. ಹೊರಗಿನ ಚಪ್ಪಡಿಯನ್ನು ಹೊಸ್ತಿಲಿನಿಂದ ಆಚೆಗೆ ಇಳಿಜಾರಾಗಿ ಕೂರಿಸಬೇಕು. ಮರ ಮತ್ತು ಕಲ್ಲಿನ ನಡುವೆ ಆರರಿಂದ ಎಂಟು ಮಿಲಿಮೀಟರಿನ ಸಂದನ್ನು ಬೇಕೆಂದೇ ಬಿಟ್ಟು, ಅದರಲ್ಲಿ ಬಾಗುವ ಸೀಲೆಂಟ್ ತುಂಬಬೇಕು. ಸಂದೇ ಇಲ್ಲದಂತೆ ಮರವನ್ನು ಕಲ್ಲಿಗೆ ಒತ್ತಿ ಕೂರಿಸುವುದು ನೋಡಲು ಅಚ್ಚುಕಟ್ಟು, ಬಾಳಿಕೆಗೆ ಮಾರಕ.

ಗೆದ್ದಲು

ಮರ ಒದ್ದೆಯಾದಲ್ಲಿ ಗೆದ್ದಲು ಹಿಂದೆಯೇ ಬರುತ್ತದೆ. ಬೆಂಗಳೂರಿನ ಕೆಮ್ಮಣ್ಣಿನಲ್ಲಿ ಗೂಡು ಕಟ್ಟುವ ಈ ಹುಳಕ್ಕೆ ಬೆಳಕೂ ಒಣಗಾಳಿಯೂ ಆಗದು. ಒಂದು ಮಿಲಿಮೀಟರಿಗಿಂತ ಕಿರಿದಾದ ಬಿರುಕೂ ಅದಕ್ಕೆ ಹೆಬ್ಬಾಗಿಲು. ಗೋಡೆಬುಡಕ್ಕೆ ಅಂಟಿಸುವ ಸ್ಕರ್ಟಿಂಗ್ ಪಟ್ಟಿಯ ಹಿಂದಿನ ಟೊಳ್ಳಿನಲ್ಲಿ ಮಣ್ಣಿನ ಕೊಳವೆ ಕಟ್ಟಿಕೊಂಡು ಮೇಲೇರಿದರೆ ಚೌಕಟ್ಟಿನ ಹೊರಪದರ ಮಾತ್ರ ಉಳಿಯುವವರೆಗೆ ಯಾರಿಗೂ ತಿಳಿಯುವುದಿಲ್ಲ.

ಭಾರತೀಯ ಮಾನದಂಡ ಐಎಸ್ 6313 ಗೋಡೆ ಮತ್ತು ನೆಲ ಸೇರುವ ಗೆರೆಗೆ ಪ್ರತ್ಯೇಕ ಗಮನ ಕೊಟ್ಟಿರುವುದು ಇದೇ ಕಾರಣಕ್ಕೆ. ಕಟ್ಟುವ ಹಂತದಲ್ಲೇ, ನೆಲದ ಕಾಂಕ್ರೀಟ್ ಹಾಕುವ ಮೊದಲು, ಗೋಡೆಯುದ್ದಕ್ಕೂ 30 ಮಿಲಿಮೀಟರ್ ಅಗಲ, ಅಷ್ಟೇ ಆಳದ ಸಣ್ಣ ಕಾಲುವೆ ತೋಡಬೇಕು. ಅದರಲ್ಲಿ 150 ಮಿಲಿಮೀಟರಿಗೊಂದರಂತೆ ಕಬ್ಬಿಣದ ಸಲಾಕೆಯಿಂದ ತೂತು ಹೊಡೆದು, ಸಲಾಕೆಯನ್ನು ಹಿಂದೆ ಮುಂದೆ ಆಡಿಸಿ ಮಣ್ಣು ಸಡಿಲ ಮಾಡಿ, ಗೋಡೆಯ ಪ್ರತಿ ಚದರ ಮೀಟರಿಗೆ 7.5 ಲೀಟರಿನಂತೆ ಗೆದ್ದಲುನಾಶಕ ಸುರಿಯಬೇಕು. ನೆಲಭರ್ತಿಯ ಮೇಲ್ಮೈಗೆ ಚದರ ಮೀಟರಿಗೆ 5 ಲೀಟರು. ಈಗಾಗಲೇ ಇರುವ ಮನೆಯಾದರೆ ಗೋಡೆ ನೆಲ ಕೂಡುವಲ್ಲಿ 300 ಮಿಲಿಮೀಟರಿಗೊಂದು ತೂತು ಕೊರೆದು ಮದ್ದು ಇಳಿಸಿ, ತೂತನ್ನು ಮತ್ತೆ ಭದ್ರವಾಗಿ ಮುಚ್ಚುತ್ತಾರೆ. ಕ್ಲೋರ್‌ಪೈರಿಫಾಸ್, ಇಮಿಡಾಕ್ಲೋಪ್ರಿಡ್ ಬಳಕೆಯಲ್ಲಿರುವ ಮದ್ದುಗಳು. ಇವು ವಿಷ. ಬಾವಿ, ಕೊಳವೆಬಾವಿ, ಮಳೆನೀರಿನ ಇಂಗುಗುಂಡಿ ಹತ್ತಿರವಿದ್ದಲ್ಲಿ ಬಹಳ ಎಚ್ಚರ ಬೇಕು, ತರಬೇತಾದವರೇ ಈ ಕೆಲಸ ಮಾಡಬೇಕು. ಬೆಂಗಳೂರಿನ ಅನೇಕ ಮನೆಗಳಿಗೆ ಇಂಗುಗುಂಡಿ ಬಂದಿರುವಾಗ ಈ ಎಚ್ಚರಿಕೆಯನ್ನು ಹಗುರವಾಗಿ ತೆಗೆದುಕೊಳ್ಳುವಂತಿಲ್ಲ. ಮದ್ದಿನ ಶಕ್ತಿ ಕಾಲಕ್ರಮದಲ್ಲಿ ಕುಂದುತ್ತದೆ, ಸಂದು ಮಾತ್ರ ಹಾಗೆಯೇ ಇರುತ್ತದೆ. ಆದ್ದರಿಂದ ಮದ್ದು ಹೊಡೆಸಿದೆವೆಂದು ಸಂದು ಮುಚ್ಚುವುದನ್ನು ಬಿಡಬಾರದು.

ತೇವ

ಕಣ್ಣಿಗೆ ಕಾಣದ ಸಂದುಗಳೂ ಇವೆ: ಇಟ್ಟಿಗೆ ಮತ್ತು ಗಾರೆಯ ಸೂಕ್ಷ್ಮ ರಂಧ್ರಗಳು. ರಂಧ್ರ ಕಿರಿದಾದಷ್ಟೂ ನೀರು ಅದರಲ್ಲಿ ಎತ್ತರಕ್ಕೆ ಏರುತ್ತದೆ. ತ್ರಿಜ್ಯ 0.1 ಮಿಲಿಮೀಟರ್ ಇದ್ದರೆ ಸುಮಾರು 15 ಸೆಂಟಿಮೀಟರ್, 0.01 ಮಿಲಿಮೀಟರ್ ಇದ್ದರೆ ಲೆಕ್ಕದ ಪ್ರಕಾರ ಒಂದೂವರೆ ಮೀಟರ್. ಗೋಡೆಯ ಮೈಯಿಂದ ನೀರು ಆವಿಯಾಗುತ್ತಾ ಇರುವುದರಿಂದ ವಾಸ್ತವದಲ್ಲಿ ತೇವದ ಗೆರೆ ಬಹುತೇಕ ಮೊಣಕಾಲು, ಸೊಂಟದ ಎತ್ತರದಲ್ಲಿ ನಿಲ್ಲುತ್ತದೆ. ಅಲ್ಲಿ ನೀರು ಹಾರಿಹೋಗಿ ಉಪ್ಪು ಉಳಿಯುತ್ತದೆ. ಬಣ್ಣ ಉದುರಿ ಬಿಳಿಯ ಪುಡಿ ಕಾಣುವ ಗೋಡೆಗಳ ಕಥೆ ಇದು.

ಇದಕ್ಕೆ ತಡೆ ಪಾಯದ ಮೇಲಿನ ತೇವನಿರೋಧಕ ಪದರ. ಜಲನಿರೋಧಕ ಪುಡಿ ಬೆರೆಸಿದ 40ರಿಂದ 50 ಮಿಲಿಮೀಟರಿನ ದಟ್ಟ ಕಾಂಕ್ರೀಟಿನ ಮೇಲೆ ಬಿಸಿ ಬಿಟುಮೆನ್ ಬಳಿಯುವುದು ಹಳೆಯ ಪದ್ಧತಿ. ಈಗ ಬೆಲ್ಟ್ ಕಾಂಕ್ರೀಟೇ ಆ ಕೆಲಸ ಮಾಡುತ್ತದೆಂದು ಬಹಳ ಮಂದಿ ಪ್ರತ್ಯೇಕ ಪದರ ಹಾಕುವುದಿಲ್ಲ. ಚೆನ್ನಾಗಿ ವೈಬ್ರೇಟ್ ಮಾಡಿ, ನೀರುಣಿಸಿದ ಕಾಂಕ್ರೀಟಾದರೆ ಅದು ನಿಜವೇ. ಟೊಳ್ಳುಗಳಿರುವ ಕಾಂಕ್ರೀಟಾದರೆ ಅಲ್ಲ. ಪದರ ಹೊರನೆಲಕ್ಕಿಂತ ಕನಿಷ್ಠ 150 ಮಿಲಿಮೀಟರ್ ಮೇಲಿರಬೇಕು. ಹೂಕುಂಡದ ಮಣ್ಣನ್ನು ಗೋಡೆಗೆ ಒರಗಿಸಿ ಏರಿಸಿದರೂ, ಹೊರಗೆ ಟೈಲ್ಸ್ ಮೇಲೆ ಟೈಲ್ಸ್ ಹಾಕಿದರೂ ನೀರು ಪದರವನ್ನು ಬಳಸಿಕೊಂಡು ಮೇಲೇರುತ್ತದೆ.

ಹಳೆಯ ಕೆಂಪು ಆಕ್ಸೈಡ್ ನೆಲದ ಕೆಲಸದಲ್ಲಿ ನೆಲವನ್ನೇ ದುಂಡಗೆ ತಿರುಗಿಸಿ ಗೋಡೆಯ ಮೇಲೆ ಆರಂಗುಲ ಏರಿಸುವ ಕ್ರಮವಿತ್ತು. ಮೂಲೆಯೇ ಇಲ್ಲದ್ದರಿಂದ ಅಲ್ಲಿ ಜೋಡಿನ ಗೆರೆಯೂ ಇರಲಿಲ್ಲ, ಕಸವೂ ಕೂರುತ್ತಿರಲಿಲ್ಲ. ಬಸವನಗುಡಿ, ಮಲ್ಲೇಶ್ವರದ ಹಳೆಯ ಮನೆಗಳಲ್ಲಿ ಇದನ್ನು ಇನ್ನೂ ಕಾಣಬಹುದು. ಟೈಲ್ಸ್ ಬಂದ ಮೇಲೆ ನೆಲ ಒಂದು ತುಂಡು, ಸ್ಕರ್ಟಿಂಗ್ ಇನ್ನೊಂದು ತುಂಡಾಯಿತು. ಗೋಡೆಬುಡದ ಮಟ್ಟಿಗೆ ಇದು ಹಿನ್ನಡೆಯೇ.

ನೆಲದಡಿಯ ಗಾಳಿಯ ವಿಚಾರವನ್ನೂ ಇಲ್ಲಿ ಹೇಳಬೇಕು. ಗ್ರಾನೈಟ್ ಮತ್ತು ನೈಸ್ ಶಿಲೆಗಳಲ್ಲಿರುವ ಅಲ್ಪ ಯುರೇನಿಯಂನಿಂದ ರೇಡಾನ್ ಎಂಬ ವಿಕಿರಣಶೀಲ ಅನಿಲ ಹುಟ್ಟುತ್ತದೆ. ಅದು ಮನೆಯೊಳಗೆ ಬರುವುದು ಹೆಚ್ಚಾಗಿ ನೆಲ ಗೋಡೆಗಳ ಬಿರುಕಿನಿಂದ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಘನ ಮೀಟರಿಗೆ 100 ಬೆಕೆರೆಲ್ ಎಂಬ ಮಿತಿಯನ್ನು ಸೂಚಿಸಿದೆ. ರಾಜರಾಜೇಶ್ವರಿನಗರದ ನೆರೆಯ ಜ್ಞಾನಭಾರತಿಯಲ್ಲಿರುವ ಬೆಂಗಳೂರು ವಿಶ್ವವಿದ್ಯಾಲಯದ ಭೌತವಿಜ್ಞಾನಿಗಳು ನಗರದ ಮನೆಗಳಲ್ಲಿ ಇದನ್ನು ಅಳೆದು ಪ್ರಕಟಿಸಿದ್ದಾರೆ. ಕಿಟಕಿ ತೆರೆದಿರುವ ಮನೆಯಲ್ಲಿ ಅನಿಲ ಚದುರಿಹೋಗುತ್ತದೆ. ಏಸಿ ಹಾಕಿ ಸದಾ ಮುಚ್ಚಿಡುವ ನೆಲಮಹಡಿಯ ಕೋಣೆಗಳಲ್ಲಿ ಬುಡದ ಬಿರುಕು ಮುಚ್ಚುವುದಕ್ಕೆ ಇದೂ ಒಂದು ಕಾರಣ.

ತಾರಸಿಯ ಹಗುರ ಕೋಣೆ

ಶೀತದೇಶದ ಮರದ ಗೋಡೆಗೆ ಅತಿ ಹತ್ತಿರದ ರೂಪ ಈ ಬಡಾವಣೆಯಲ್ಲಿ ಇರುವುದು ತಾರಸಿಯ ಮೇಲೆ. ಕಬ್ಬಿಣದ ಅಥವಾ ಮರದ ಚೌಕಟ್ಟಿಗೆ ಸಿಮೆಂಟ್ ಬೋರ್ಡು ಹೊಡೆದು ಕಟ್ಟುವ ಕೋಣೆಗಳಲ್ಲಿ ಕೆಳಪಟ್ಟಿಯನ್ನು ನೇರವಾಗಿ ತಾರಸಿಗೆ ತಿರುಪು ಹಾಕಿ ಬಿಗಿಯುತ್ತಾರೆ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆ ಗಾಳಿಯ ಜೊತೆ ಓರೆಯಾಗಿ ಹೊಡೆದಾಗ ನೀರು ಪಟ್ಟಿಯ ಕೆಳಗೆ ನುಸುಳಿ ಕೋಣೆಯೊಳಗೆ ಹರಿಯುತ್ತದೆ. ತಿರುಪಿನ ತೂತುಗಳಿಂದ ಕೆಳಗಿನ ಮನೆಯ ಚಾವಣಿಗೂ ಇಳಿಯುತ್ತದೆ. ಒಳಗಿನಿಂದ ಸಿಲಿಕೋನ್ ಎಳೆದರೆ ನೀರು ಪಟ್ಟಿಯ ಅಡಿಯಲ್ಲೇ ಸಿಕ್ಕಿಕೊಂಡು ಮರವನ್ನು ಕೊಳೆಸುತ್ತದೆ, ಕಬ್ಬಿಣವನ್ನು ತುಕ್ಕು ಹಿಡಿಸುತ್ತದೆ.

ಸರಿಯಾದ ಕ್ರಮವೆಂದರೆ ಮೊದಲು ಗೋಡೆಯ ಗೆರೆಯುದ್ದಕ್ಕೂ ನಾಲ್ಕರಿಂದ ಆರಂಗುಲ ಎತ್ತರದ ಕಾಂಕ್ರೀಟ್ ದಿಂಡು ಕಟ್ಟಿ, ತಾರಸಿಯ ಜಲನಿರೋಧಕ ಲೇಪವನ್ನು ಅದರ ಮೇಲಕ್ಕೂ ಏರಿಸುವುದು. ದಿಂಡಿನ ಮೇಲೆ ಫೋಮ್ ಅಥವಾ ರಬ್ಬರ್ ಹಾಸು ಇಟ್ಟು ಕೆಳಪಟ್ಟಿ ಕೂರಿಸಬೇಕು. ಹೊರಗಿನ ಬೋರ್ಡು ದಿಂಡಿಗಿಂತ ಕೆಳಕ್ಕೆ ಇಳಿದು ನಿಂತರೆ ಹನಿ ಹೊರಗೇ ಉದುರುತ್ತದೆ. ಬೋರ್ಡಿನ ತುದಿ ತಾರಸಿಯನ್ನು ಮುಟ್ಟಬಾರದು. ಆ ಹೊರಸಂದನ್ನು ಮುಚ್ಚಲೂಬಾರದು. ಒಳಸೇರಿದ ನೀರು ಹೊರಹೋಗುವುದು ಅಲ್ಲಿಂದಲೇ. ಇಟ್ಟಿಗೆಯ ಆಸರೆಗೋಡೆಗಳ ಬುಡದಲ್ಲಿ ಬಿಡುವ ನೀರುತೂತುಗಳಿಗೂ ಇದೇ ಮಾತು. ಇಲಿ ಹೆಗ್ಗಣ ಬರುತ್ತವೆಂದು ಅವನ್ನು ಸಿಮೆಂಟಿನಿಂದ ಮುಚ್ಚುವ ಬದಲು ತುಕ್ಕು ಹಿಡಿಯದ ಜಾಲರಿ ಹಾಕಬೇಕು.

ಹುಡುಕುವುದು, ಮುಚ್ಚುವುದು

ಸಂದು ಎಲ್ಲಿದೆಯೆಂದು ಪತ್ತೆಹಚ್ಚಲು ಯಂತ್ರ ಬೇಕಿಲ್ಲ. ಗಾಳಿ ಬೀಸುತ್ತಿರುವ ದಿನ ಕಿಟಕಿ ಬಾಗಿಲು ಮುಚ್ಚಿ, ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್ ಹಾಕಿ, ಉರಿಯುವ ಊದುಬತ್ತಿಯನ್ನು ಸ್ಕರ್ಟಿಂಗ್ ಗೆರೆಯುದ್ದಕ್ಕೂ ನಿಧಾನವಾಗಿ ಒಯ್ಯಬೇಕು. ಹೊಗೆ ನೆಟ್ಟಗೆ ಏರುತ್ತಿದ್ದರೆ ಸಂದಿಲ್ಲ. ತಟ್ಟನೆ ಕೋಣೆಯ ಕಡೆಗೆ ಬಾಗಿದರೆ ಅಲ್ಲಿ ಸೀಮೆಸುಣ್ಣದ ಗುರುತು ಹಾಕಬೇಕು. ಚೌಕಟ್ಟಿನ ಕಾಲು, ಸ್ಕರ್ಟಿಂಗ್ ಹಿಂದಿನಿಂದ ಬರುವ ವಿದ್ಯುತ್ ಪೈಪು, ಬಚ್ಚಲಿನ ಪೈಪು ಗೋಡೆ ದಾಟುವ ಜಾಗ, ಇವು ಮೊದಲು ನೋಡಬೇಕಾದವು.

ತುಂಬುವ ವಸ್ತುವನ್ನು ಸಂದಿನ ಚಲನೆ ನೋಡಿ ಆರಿಸಬೇಕು. ಕಲ್ಲು ಕಲ್ಲಿನ ನಡುವಿನ ಅಲುಗದ ಸಂದಿಗೆ ಎಪಾಕ್ಸಿ ಗ್ರೌಟು ಒಳ್ಳೆಯದು. ಮರ ಕಲ್ಲಿನ ನಡುವೆ ಪಾಲಿಯುರೆಥೇನ್ ಸೀಲೆಂಟ್ ಮೇಲು. ಅದು ಹಿಗ್ಗಿ ಕುಗ್ಗುತ್ತದೆ, ಮೇಲೆ ಬಣ್ಣವೂ ಹಿಡಿಯುತ್ತದೆ. ಸಿಲಿಕೋನಿಗೆ ಬಣ್ಣ ಹಿಡಿಯದು. ಅಕ್ರಿಲಿಕ್ ಅಗ್ಗ, ಆದರೆ ಅದು ಒಳಗಿನ ಒಣಜಾಗಗಳಿಗೆ ಮಾತ್ರ. ಸಂದು ಆಳವಾಗಿದ್ದರೆ ಮೊದಲು ಫೋಮಿನ ದಾರ ತುರುಕಿ, ಸೀಲೆಂಟಿನ ಆಳ ಅಗಲದ ಅರ್ಧದಷ್ಟಿರುವಂತೆ ನೋಡಿಕೊಳ್ಳಬೇಕು. ಫೋಮಿನ ದಾರದ ಕೆಲಸ ಬರೀ ತುಂಬುವುದಲ್ಲ. ಸೀಲೆಂಟ್ ಎರಡು ಬದಿಗೆ ಮಾತ್ರ ಅಂಟಿದರೆ ಎಳೆದಾಗ ರಬ್ಬರಿನಂತೆ ಹಿಗ್ಗುತ್ತದೆ. ತಳಕ್ಕೂ ಅಂಟಿಕೊಂಡರೆ ಹರಿಯುತ್ತದೆ. ಸೀಲೆಂಟ್ ಕೆಲಸ ಹಲವು ಸಲ ಕೆಡುವುದು ವಸ್ತುವಿನ ದೋಷದಿಂದಲ್ಲ, ದೂಳು ಒರೆಸದೆ, ದಾರ ಹಾಕದೆ, ಒದ್ದೆಯ ಮೇಲೆಯೇ ಎಳೆಯುವುದರಿಂದ.

ಈ ಕೆಲಸಕ್ಕೆ ಕಾಲವೂ ಮುಖ್ಯ. ಮಾರ್ಚಿಯ ಒಣಹವೆಯಲ್ಲಿ ಮರ ಸೊರಗಿ ಸಂದು ಅತಿ ಅಗಲವಾಗಿರುತ್ತದೆ. ಆಗಸ್ಟ್, ಸೆಪ್ಟೆಂಬರಿನಲ್ಲಿ ಮರ ಉಬ್ಬಿ ಸಂದು ಮುಚ್ಚಿಕೊಂಡಂತೆ ಕಾಣುತ್ತದೆ. ಮಳೆಗಾಲದಲ್ಲಿ ತುಂಬಿದ ಸೀಲೆಂಟ್ ಬೇಸಿಗೆಯಲ್ಲಿ ಎಳೆತಕ್ಕೆ ಸಿಕ್ಕಿ ಅಂಚಿನಿಂದ ಬಿಡುತ್ತದೆ. ನವೆಂಬರಿನಲ್ಲಿ ಹಿಂಗಾರು ನಿಂತ ಮೇಲೆ ಗೋಡೆಗೆ ಕೆಲವು ವಾರ ಒಣಗಲು ಬಿಟ್ಟು, ಡಿಸೆಂಬರ್ ಕೊನೆಯಿಂದ ಜನವರಿಯೊಳಗೆ ತುಂಬಿದರೆ ಸಂದು ನಡುವಿನ ಅಳತೆಯಲ್ಲಿರುತ್ತದೆ, ಮೈಯೂ ಒಣಗಿರುತ್ತದೆ. ಮುಂದಿನ ಗುಡುಗು ಮಳೆಗೆ ಮುನ್ನ, ಮಾರ್ಚಿಯಲ್ಲಿ, ಚೌಕಟ್ಟಿನ ಎರಡೂ ಕಾಲುಗಳ ಬಳಿ ಒಮ್ಮೆ ಬಗ್ಗಿ ನೋಡಿ ಅಂಚು ಬಿಟ್ಟಿದ್ದರೆ ಅಷ್ಟನ್ನು ಮಾತ್ರ ಕೆತ್ತಿ ಮತ್ತೆ ತುಂಬಿದರೆ ಸಾಕಾಗುತ್ತದೆ.